ಲೇತಕ್ಕನ ಗುಂಡು ವಾಪಸ್ ಬರುವುದಿಲ್ಲ

ಬೆಳಗಿನ ಐದೂವರೆ. ವಿಜ್ಞಾನ ಕಟ್ಟಡದ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೇಲಿನ ನಾಲ್ಕು ಮಹಡಿಗಳಲ್ಲಿ ಯಾರ ಹೆಜ್ಜೆಯೂ ಬಿದ್ದಿಲ್ಲ, ಲಿಫ್ಟು ಎದ್ದಿಲ್ಲ, ನೀರಿನ ಪಂಪು ಗೊಣಗಿಲ್ಲ. ಲೇತಕ್ಕನಿಗೆ ಬೇಕಾದದ್ದು ಈ ನಿಶ್ಶಬ್ದವೇ. ಅವರು ಸ್ಟೂಲಿನ ಮೇಲೆ ಕೂತು, ಕನ್ನಡಕವನ್ನು ಹಣೆಗೇರಿಸಿ, ಗಾಜಿನ ಉದ್ದನೆಯ ತೊಟ್ಟಿಯೊಂದಕ್ಕೆ ಮೂಗು ತಾಗುವಷ್ಟು ಹತ್ತಿರ ಮುಖ ತಂದಿದ್ದಾರೆ. ತೊಟ್ಟಿಯ ತುಂಬ ತಿಳಿ ಎಣ್ಣೆ. ತಳದಲ್ಲಿ ಬಗ್ಗಿಸಿದ ಉಕ್ಕಿನ ಪಟ್ಟಿ: ಎಡಕ್ಕೊಂದು ಕುಳಿ, ಬಲಕ್ಕೊಂದು ಕುಳಿ, ನಡುವೆ ಒಂದು ದಿಬ್ಬ. ಎಡಗುಳಿಯಲ್ಲಿ ದ್ರಾಕ್ಷಿ ಗಾತ್ರದ ಉಕ್ಕಿನ ಗುಂಡು. ಪಕ್ಕದ ಹಿಡಿಕೆಯನ್ನು ಎಳೆದಂತೆ ಇಡೀ ತೊಟ್ಟಿ ಬಲಕ್ಕೆ ವಾಲುತ್ತದೆ. ಎಷ್ಟು ವಾಲಿತೆಂದು ಹೇಳಲು ಸೊನ್ನೆಯಿಂದ ಹನ್ನೆರಡು ಡಿಗ್ರಿಯವರೆಗೆ ಗೀಟು ಕೊರೆದ ಹಿತ್ತಾಳೆಯ ಬಿಲ್ಲೆಯಿದೆ.

ಹಿಡಿಕೆ ಎಂಟಕ್ಕೆ ಬಂದಿದೆ. ಲೇತಕ್ಕ ತೊಟ್ಟಿಯ ಬದಿಯಲ್ಲಿರುವ ಪುಟ್ಟ ಗುಂಡಿಯನ್ನು ಒತ್ತುತ್ತಾರೆ. ಒಳಗೆ ಒಂದು ಕಡ್ಡಿ ಗುಂಡನ್ನು ಮೆಲ್ಲನೆ ತಟ್ಟಿ ಹಿಂದೆ ಸರಿಯುತ್ತದೆ. ಗುಂಡು ಒಂದು ಬೆರಳಿನಷ್ಟು ಮೇಲೇರಿ, ಮತ್ತೆ ಕುಳಿಯ ತಳಕ್ಕೆ ಹೊರಡುತ್ತದೆ. ಅವರು ತುಟಿಯಲ್ಲೇ ಎಣಿಸುತ್ತಾರೆ, ಬಾಯಿಪಾಠ ಒಪ್ಪಿಸುವವರಂತೆ, ಏರಿಲ್ಲದೆ ಇಳಿವಿಲ್ಲದೆ. ಒಂಬತ್ತಕ್ಕೆ ಗುಂಡು ನಿಲ್ಲುತ್ತದೆ. ಎಣ್ಣೆ ಮೆತ್ತಿದ ನೋಟುಬುಕ್ಕಿನಲ್ಲಿ ಒಂಬತ್ತು ಎಂದು ಬರೆದು, ತಲೆಯೆತ್ತಿ, ಗೋಡೆಯ ಗಡಿಯಾರಕ್ಕೇ ಎಂಬಂತೆ ಹೇಳುತ್ತಾರೆ: "ಸೊನ್ನೇಲಿ ಇಟ್ಟು ತಟ್ಟಿದ್ರೆ ಮೂರೇ ಸೆಕೆಂಡು. ಐದರಲ್ಲಿ ನಾಲ್ಕೂವರೆ. ಎಂಟರಲ್ಲಿ ಒಂಬತ್ತು. ಎಂಟೂವರೇಲಿ ಹದಿಮೂರು, ಎಂಟೂಮುಕ್ಕಾಲಲ್ಲಿ ಹದಿನೆಂಟು. ಒಂಬತ್ತಕ್ಕೆ ಬಂತಾ, ಕುಳೀನೇ ಇಲ್ಲ, ಆ ಕಡೆ ಹೋಯ್ತು. ಅಂದ್ರೆ ಬೀಳೋಕೆ ಮುಂಚೆ ಬಾಯಿ ಬಿಟ್ಟು ಹೇಳುತ್ತೆ ಅದು, ನಂಗೆ ಸುಧಾರಿಸ್ಕೊಳ್ಳೋಕೆ ಆಗ್ತಿಲ್ಲ ಅಂತ. ಕೇಳೋರು ಬೇಕಲ್ಲ."

ಕೇಳುವವರು ಬೇಕಲ್ಲ ಎಂಬ ಮಾತು ಲೇತಕ್ಕನ ಬಾಯಿಂದ ಗಂಟೆಗೊಮ್ಮೆಯಾದರೂ ಬರುತ್ತದೆ. ಬರುವುದಕ್ಕೆ ಕಾರಣವೂ ಇದೆ. ಬೆಂಚಿನ ಮೂಲೆಯ ಮೊಳೆಗೆ ಸಿಕ್ಕಿಸಿಟ್ಟ ದುರಸ್ತಿ ಚೀಟಿಗಳ ಕಾರ್ಬನ್ ನಕಲುಗಳ ಕಟ್ಟೇ ಆ ಕಾರಣ. ಮೇಲಿನ ಪ್ರದರ್ಶನಾಲಯದಿಂದ ಹದಿನಾಲ್ಕು ತಿಂಗಳಲ್ಲಿ ಬಂದ ಚೀಟಿಗಳು ನಲವತ್ತೆರಡು. ಅಕ್ಷರ ಬೇರೆಬೇರೆ, ವಿಷಯ ಒಂದೇ: 'ಗುಂಡು ವಾಪಸ್ ಬರುತ್ತಿಲ್ಲ. ಸರಿಪಡಿಸಿ.' ಪ್ರತಿಯೊಂದರ ಕೆಳಗೂ ಲೇತಕ್ಕ ದಪ್ಪ ಪೆನ್ಸಿಲಿನಲ್ಲಿ ಒಂದೇ ಪದ ಬರೆದು ಕಳಿಸಿದ್ದಾರೆ: 'ಬರಬಾರದು.'

ನಲವತ್ತೆರಡನೆಯದಕ್ಕೆ ಮಾತ್ರ ಇನ್ನೂ ಉತ್ತರ ಬರೆದಿಲ್ಲ. ಅದರಲ್ಲಿ ಎರಡು ಸಾಲು ಹೆಚ್ಚಿಗೆ ಇವೆ. ಹಿಡಿಕೆಯನ್ನು ಸೊನ್ನೆಗೆ ತಂದಾಗ ಗುಂಡು ತಾನಾಗಿ ಎಡಗುಳಿಗೆ ಮರಳುವಂತೆ ಮಾಡಬೇಕು, ಇಲ್ಲವಾದರೆ ಯಂತ್ರವನ್ನು ಉಗ್ರಾಣಕ್ಕೆ ಹಾಕಿ ಅದರ ಜಾಗದಲ್ಲಿ ವಿಡಿಯೊ ಪರದೆ ಕೂರಿಸಲಾಗುವುದು, ಬೆಳಿಗ್ಗೆ ಹತ್ತಕ್ಕೆ ಪ್ರದರ್ಶನಾಲಯದ ಅಧಿಕಾರಿ ಖುದ್ದಾಗಿ ಬಂದು ನೋಡುತ್ತಾರೆ. ಅದಕ್ಕೆಂದೇ ನಿನ್ನೆ ಸಂಜೆ ಯಂತ್ರವನ್ನು ಕೆಳಗಿಳಿಸಿದ್ದಾರೆ. ಹತ್ತಕ್ಕೆ ಇನ್ನು ನಾಲ್ಕು ಗಂಟೆ ಚಿಲ್ಲರೆ.

ಐವತ್ತೇಳು ವರ್ಷದ ಲೇತಕ್ಕ ಈ ವರ್ಕ್‌ಶಾಪಿಗೆ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಸ ಗುಡಿಸಲು. ಲೋಹವನ್ನು ತಿರುಗಿಸಿ ಕಡೆಯುವ ಲೇತಿನ ಕೆಳಗೆ ಬೀಳುವ ಕಬ್ಬಿಣದ ಸುರುಳಿಗಳನ್ನು ಗುಡಿಸಿ ಡಬ್ಬಕ್ಕೆ ತುಂಬುವುದಷ್ಟೇ ಕೆಲಸ. ಒಂದು ದಿನ ಕೋಣೆಯ ಆ ತುದಿಯಿಂದಲೇ, ಪೊರಕೆ ನಿಲ್ಲಿಸಿ, ಲೇತಿನ ಮುಂದಿದ್ದ ಹಳೇ ಮೇಸ್ತ್ರಿಗೆ ಅವರ ಉಳಿ ಮೊಂಡಾಗಿದೆ ಎಂದು ಹೇಳಿದರಂತೆ. ಹೇಗೆ ಗೊತ್ತಾಯಿತೆಂದು ಮೇಸ್ತ್ರಿ ಸಿಡುಕಿದರೆ, ಶಬ್ದ ಅಳುವ ಹಾಗೆ ಬರುತ್ತಿದೆ ಎಂದರಂತೆ. ಉಳಿ ತೆಗೆದು ನೋಡಿದರೆ ನಿಜಕ್ಕೂ ಮೊಂಡು. ಮರುದಿನದಿಂದ ಮೇಸ್ತ್ರಿ ಪೊರಕೆ ಕಿತ್ತುಕೊಂಡು ಕೈಗೆ ಅಳತೆಗೋಲು ಕೊಟ್ಟರು, ಲೇತಕ್ಕ ಎಂಬ ಹೆಸರೂ ಆಗಲೇ ಅಂಟಿತು. ಕಾಗದದ ಮೇಲೆ ಮಾತ್ರ ಹದಿನಾರು ವರ್ಷ 'ಸ್ವಚ್ಛತಾ ಸಹಾಯಕಿ' ಆಗಿಯೇ ಉಳಿದರು. ಎಡಗೈಯ ಉಂಗುರದ ಬೆರಳಿನ ತುದಿ ಲೇತಿಗೆ ಹೋದಾಗ, ಗುಡಿಸುವವಳ ಬೆರಳು ಲೇತಿಗೆ ಹೇಗೆ ಸಿಕ್ಕಿತೆಂದು ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಆ ಪತ್ರವನ್ನು ನೆನೆಸಿಕೊಂಡರೆ ಲೇತಕ್ಕನಿಗೆ ಇವತ್ತಿಗೂ ಮೈ ಉರಿಯುತ್ತದೆ, ಬೆರಳಂತೂ ಎಂದೋ ಮರೆತುಹೋಗಿದೆ.

ಈ ಯಂತ್ರದ ಕಥೆ ಶುರುವಾದದ್ದು ಮೂರು ವರ್ಷದ ಹಿಂದೆ. ಮೂರನೆಯ ಮಹಡಿಯ ಗಣಿತದ ಮೇಡಂ ಒಂದು ಹಾಳೆ ಹಿಡಿದು ಕೆಳಗಿಳಿದು ಬಂದರು. ಹಾಳೆಯಲ್ಲಿ ಎರಡು ಹಳ್ಳ, ಒಂದು ಏರಿನ ಗೆರೆ, ಕೆಳಗೊಂದು ಸಮೀಕರಣ. ಭೂಮಿಯ ಹವಾಮಾನ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೇಗೆ ಜಾರಿಬಿಡುತ್ತದೆ ಎಂಬುದರ ಲೆಕ್ಕ ಅದು, ಮಾತಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು, ಜನ ಕೈಯಿಂದ ಮುಟ್ಟಿ ನೋಡುವಂಥದ್ದು ಬೇಕು ಎಂದರು. ಲೇತಕ್ಕ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಾಗದ ಸುಮ್ಮನೆ ಬಾಗುತ್ತದೆ, ಉಕ್ಕು ಬಾಗಬೇಕಾದರೆ ಕಾರಣ ಕೇಳುತ್ತದೆ, ಮೊದಲು ನನಗೆ ಅರ್ಥ ಮಾಡಿಸಿ ಎಂದರು. ಮೇಡಂ ಸ್ಟೂಲು ಎಳೆದುಕೊಂಡು ಕೂತರು. ಹಿಮ ಬೆಳ್ಳಗಿರುತ್ತದೆ, ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ತಣ್ಣಗಿರುತ್ತದೆ, ತಣ್ಣಗಿರುವುದರಿಂದಲೇ ಹಿಮವಾಗಿ ಉಳಿಯುತ್ತದೆ. ಕರಗಿತೆಂದರೆ ಅಡಿಯ ಕಪ್ಪು ನೀರು ಬಿಸಿಲನ್ನು ಕುಡಿಯುತ್ತದೆ, ಕುಡಿದು ಬಿಸಿಯಾಗುತ್ತದೆ, ಬಿಸಿಯಾಗಿ ಇನ್ನಷ್ಟು ಕರಗಿಸುತ್ತದೆ. ಎಡಗುಳಿ ಎಂದರೆ ಹಿಮ ಇರುವ ಲೋಕ, ಬಲಗುಳಿ ಎಂದರೆ ಹಿಮ ಇಲ್ಲದ ಲೋಕ, ಹಿಡಿಕೆ ಎಂದರೆ ನಾವು ಏರಿಸುತ್ತಿರುವ ಬಿಸಿ. ಎಲ್ಲವನ್ನೂ ಕೇಳಿದ ಲೇತಕ್ಕ ಅದನ್ನು ತಮ್ಮ ಮಾತಿಗೆ ಇಳಿಸಿಕೊಂಡರು: "ತನ್ನನ್ನ ತಾನೇ ಹಿಡ್ಕೊಂಡಿರೋದು ಕುಳಿ. ತನ್ನನ್ನ ತಾನೇ ತಳ್ಕೊಂಡು ಹೋಗೋದು ಇಳಿಜಾರು. ಅಷ್ಟೇ ತಾನೇ ಮೇಡಂ?" ಇಪ್ಪತ್ತು ವರ್ಷ ಪಾಠ ಮಾಡಿದರೂ ಇಷ್ಟು ಚಿಕ್ಕದಾಗಿ ಹೇಳಲು ತಮಗೆ ಬಂದಿರಲಿಲ್ಲ ಎಂದು ಮೇಡಂ ಈಗಲೂ ಒಪ್ಪಿಕೊಳ್ಳುತ್ತಾರೆ.

ಹನ್ನೊಂದು ಪಟ್ಟಿಗಳು ಹಾಳಾದವು. ಒಂದರ ದಿಬ್ಬ ಎತ್ತರ, ಇನ್ನೊಂದರ ಕುಳಿ ಆಳ, ಮತ್ತೊಂದರಲ್ಲಿ ಕೂದಲೆಳೆಯಷ್ಟು ಗೀರಿದ್ದು ಗುಂಡು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಹನ್ನೆರಡನೆಯದು ಸರಿಬಂತು. ಹಿಡಿಕೆ ಒಂಬತ್ತಕ್ಕೆ ಬಂದಾಗ ಎಡಗುಳಿ ಆಳ ಕಳೆದುಕೊಂಡು ಚಪ್ಪಟೆಯಾಗಿ, ಗುಂಡು ದಿಬ್ಬ ದಾಟಿ ಬಲಗುಳಿಗೆ ಇಳಿಯಬೇಕು. ಮೇಡಂ ಲೆಕ್ಕವೂ ಒಂಬತ್ತು, ಪಟ್ಟಿಯ ಲೆಕ್ಕವೂ ಒಂಬತ್ತು. ಆದರೆ ಹಿಡಿಕೆಯನ್ನು ಎಂಟೂಮುಕ್ಕಾಲಿಗೆ ನಿಲ್ಲಿಸಿ ಬಿಟ್ಟಿದ್ದಾಗ ಗುಂಡು ಒಂದು ಬೆಳಿಗ್ಗೆ ತನ್ನಷ್ಟಕ್ಕೆ ತಾನೇ ಆ ಕಡೆ ಹೋಗಿತ್ತು. ಮರುದಿನವೂ ಹೋಯಿತು. ಪಟ್ಟಿಯಲ್ಲೇ ದೋಷ ಇರಬೇಕೆಂದು ಮೇಡಂ ಅನುಮಾನಿಸಿದರು. ತಮ್ಮ ಪಟ್ಟಿಯ ಮೇಲೆ ಅನುಮಾನ ಬಂದದ್ದು ಲೇತಕ್ಕನಿಗೆ ಎಲ್ಲಿಲ್ಲದ ಸಿಟ್ಟು ತರಿಸಿತು. ಎರಡು ವಾರ ಬೆಳಗಾಗುವ ಮೊದಲೇ ಬಂದು ಕಾದು ಕೂತರು. ಬಿದ್ದದ್ದೆಲ್ಲ ಒಂದೇ ಹೊತ್ತಿನಲ್ಲಿ, ಆರು ಗಂಟೆ ಹತ್ತು ನಿಮಿಷಕ್ಕೆ.

ಆರೂ ಹತ್ತಕ್ಕೆ ಕಟ್ಟಡದ ಮುಂದೆ ಹಾದುಹೋಗುವುದು ಊರಿನ ಮೊದಲ ಬಸ್ಸು. ಅದನ್ನು ಓಡಿಸುವವರು ಲೇತಕ್ಕನ ಯಜಮಾನರು.

ಮೂವತ್ತು ವರ್ಷದ ದಾಂಪತ್ಯದಲ್ಲಿ ಅಂಥ ಜಗಳ ಆಗಿರಲಿಲ್ಲವೆಂದು ಇಬ್ಬರೂ ಹೇಳುತ್ತಾರೆ. ಇಡೀ ಊರನ್ನು ಬಿಟ್ಟು ನನ್ನ ಗುಂಡನ್ನೇ ಬೀಳಿಸಬೇಕಿತ್ತೇ ಎಂದು ಇವರು, ಸರ್ಕಾರ ಹಾಕಿದ ರಸ್ತೆ, ಕಂಪನಿ ಕೊಟ್ಟ ಬಸ್ಸು, ನನ್ನದೇನು ತಪ್ಪು ಎಂದು ಅವರು. ಮಾರನೆಯ ದಿನ ಪಾಪದ ಮನುಷ್ಯ ಕಟ್ಟಡದ ಮುಂದೆ ಬಸ್ಸನ್ನು ಆಮೆಯಂತೆ ನಡೆಸಿದರು. ಗುಂಡು ಅಲ್ಲಾಡಲಿಲ್ಲ. ಆದರೆ ಅಂದೇ ಲೇತಕ್ಕ ಮೇಡಂ ಅವರನ್ನು ನಿದ್ದೆಯಿಂದ ಎಬ್ಬಿಸಿ, ಬಸ್ಸಿಗೆ ಬೀಳುವುದನ್ನು ತೋರಿಸಲೆಂದೇ ಕರೆಸಿದ್ದರು. ಆವತ್ತು ರಾತ್ರಿ ಊಟದ ತಟ್ಟೆ ಸ್ವಲ್ಪ ಜೋರಾಗಿಯೇ ನೆಲಕ್ಕೆ ತಾಗಿತಂತೆ. "ಜೋರಾಗಿ ಓಡಿಸಿದ್ರೂ ಬೈಗಳ, ಮೆಲ್ಲಗೆ ಓಡಿಸಿದ್ರೂ ಬೈಗಳ," ಎನ್ನುತ್ತಾರೆ ಯಜಮಾನರು. "ಒಂದು ದಿನ ಕೇಳೇಬಿಟ್ಟೆ. ಲೇ, ನೀನು ಮದುವೆ ಆಗಿರೋದು ನನ್ನನ್ನೋ ಆ ಗುಂಡನ್ನೋ?"

ಮೂರನೆಯ ದಿನ ಬಸ್ಸು ಎಂದಿನಂತೆ ಬಂತು, ಗುಂಡು ಬಿತ್ತು, ಮೇಡಂ ಕಣ್ಣಾರೆ ಕಂಡರು. ಕಂಡು ನಕ್ಕುಬಿಟ್ಟರು. ಜಾರುವುದಕ್ಕೆ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ದಾರಿಗಳಿವೆ, ಇದು ಎರಡನೆಯದು ಎಂದರು. ಹಿಡಿಕೆ ಗೆರೆ ಮುಟ್ಟದಿದ್ದರೂ, ಗೆರೆಯ ಹತ್ತಿರ ಇರುವಾಗ ಎಲ್ಲಿಂದಲೋ ಬಂದ ಸಣ್ಣ ನಡುಕವೇ ಸಾಕು. ಸೊನ್ನೆಯಲ್ಲಿದ್ದಾಗ ಇದೇ ಬಸ್ಸು ಹತ್ತು ಸಲ ಹಾದರೂ ಗುಂಡಿಗೆ ಏನೂ ಆಗುವುದಿಲ್ಲ. ಲೇತಕ್ಕ ಮಾತ್ರ ನಗಲಿಲ್ಲ. ಹದಿನೈದು ದಿನ ನಿದ್ದೆಗೆಟ್ಟ ಸಿಟ್ಟಿನಲ್ಲಿ ಕೇಳಿದರಂತೆ: "ಹಾಗಾದ್ರೆ ನಿಮ್ಮ ಹಾಳೇಲಿ ಬಸ್ಸು ಯಾಕೆ ಇರ್ಲಿಲ್ಲ ಮೇಡಂ?" ಆಮೇಲೆ ಮೇಡಂ ತಮ್ಮ ಹಾಳೆಯ ಅಂಚಿನಲ್ಲಿ ಒಂದು ಪುಟ್ಟ ಬಸ್ಸಿನ ಚಿತ್ರ ಬರೆದಿದ್ದಾರೆ. ಅದು ಇಂದಿಗೂ ಅಲ್ಲಿದೆ.

ಮೂರನೆಯ ದಾರಿ ತೋರಿಸಿಕೊಟ್ಟವರು ಹಮಾಲರು. ಯಂತ್ರವನ್ನು ಗಾಲಿಗಾಡಿಯ ಮೇಲೆ ಉದ್ದ ಓಣಿಯಲ್ಲಿ ಸಾಗಿಸುವಾಗ, ಮೊದಲ ಸಲ ಮೆಲ್ಲಗೆ ತಳ್ಳಿದರು, ಗುಂಡು ಎಡಗುಳಿಯಲ್ಲೇ ಕೂತು ಹೋಯಿತು. ಎರಡನೆಯ ಸಲ ಊಟದ ಹೊತ್ತು ಮೀರುತ್ತಿತ್ತೆಂದು ಒಮ್ಮೆಲೇ ನೂಕಿದರು. ತೊಟ್ಟಿ ಮುಂದೆ ಹೋಯಿತು, ಗುಂಡು ಅದರ ವೇಗ ಹಿಡಿಯಲಾರದೆ ಹಿಂದುಳಿದು ದಿಬ್ಬದ ಆಚೆ ಬಿತ್ತು. ಅದೇ ಓಣಿ, ಅಷ್ಟೇ ದೂರ, ಹಿಡಿಕೆ ಸೊನ್ನೆಯಲ್ಲೇ ಇತ್ತು. ಬದಲಾದದ್ದು ಅವಸರ ಒಂದೇ. ಹಮಾಲರಿಗೆ ಬೈಯಬೇಕೋ ಮೇಡಂ ಅವರನ್ನು ಕರೆಯಬೇಕೋ ತಿಳಿಯದೆ ಲೇತಕ್ಕ ಎರಡನ್ನೂ ಮಾಡಿದರು.

ಇಷ್ಟೆಲ್ಲ ಪಾಡು ಪಟ್ಟು ಮೇಲೆ ಕೂರಿಸಿದ ಯಂತ್ರದ ಫಲಕದಲ್ಲಿ ಗಣಿತ ವಿಭಾಗದ ಹೆಸರಿದೆ, ಹಣ ಕೊಟ್ಟವರ ಹೆಸರಿದೆ. ವರ್ಕ್‌ಶಾಪಿನ ಹೆಸರಿಲ್ಲ. ಅದಕ್ಕೆ ಲೇತಕ್ಕ ತಲೆಕೆಡಿಸಿಕೊಂಡಿಲ್ಲ. ತಲೆಕೆಡಿಸಿದ್ದು ಜನ. ಪ್ರದರ್ಶನಾಲಯ ಬೆಳಿಗ್ಗೆ ಹತ್ತೂವರೆಗೆ ತೆರೆಯುತ್ತದೆ. ಬಾಗಿಲು ಕಾಯುವವರು ಉದ್ದ ಕೊಕ್ಕೆಯಿಂದ ಗುಂಡನ್ನು ಎತ್ತಿ ಎಡಗುಳಿಯಲ್ಲಿಟ್ಟು ಹೋಗುತ್ತಾರೆ. ಹತ್ತೂಮುಕ್ಕಾಲಿನೊಳಗೆ ಯಾರೋ ಒಬ್ಬರು ಬಂದು ಹಿಡಿಕೆಯನ್ನು ಸೀದಾ ಹನ್ನೆರಡಕ್ಕೆ ಎಳೆಯುತ್ತಾರೆ. ಗುಂಡು ಆಚೆ ಬೀಳುತ್ತದೆ. ಹಿಡಿಕೆಯನ್ನು ಸೊನ್ನೆಗೆ ತಂದರೂ ಈಚೆ ಬರುವುದಿಲ್ಲ. ಬರಬೇಕಾದರೆ ತೊಟ್ಟಿ ಸೊನ್ನೆಯನ್ನೂ ದಾಟಿ ಎಡಕ್ಕೆ ಏಳು ಡಿಗ್ರಿ ವಾಲಬೇಕು, ಶುರುವಿಗಿಂತ ಹಿಂದಕ್ಕೆ ಹೋಗಬೇಕು. ಹಿಡಿಕೆಗೆ ಆ ದಾರಿ ಇಲ್ಲ. ಆಮೇಲೆ ಬಂದವರೆಲ್ಲ ಹಿಡಿಕೆಯನ್ನು ಅತ್ತ ಇತ್ತ ಆಡಿಸಿ, ಕೆಟ್ಟಿದೆ ಎಂದು ಮೂಗು ಮುರಿದು, ದೂರು ಬರೆದು ಹೋಗುತ್ತಾರೆ.

ಒಂದು ಸಲ ಲೇತಕ್ಕ ಸೋತದ್ದೂ ಉಂಟು. ಅದನ್ನು ಅವರು ಮುಚ್ಚಿಡುವುದಿಲ್ಲ. ಏಳನೆಯ ಚೀಟಿ ಬಂದಾಗ ಬೇಸತ್ತು, ಪಟ್ಟಿಯ ಅಡಿಯಲ್ಲಿ ಯಾರಿಗೂ ಕಾಣದಂತೆ ಒಂದು ತಂತಿಯ ಬೆರಳು ಕೂರಿಸಿದರು. ಹಿಡಿಕೆ ಸೊನ್ನೆಗೆ ಬಂದೊಡನೆ ಅದು ಮೇಲೆದ್ದು ಗುಂಡನ್ನು ದಿಬ್ಬ ಹತ್ತಿಸಿ ಈಚೆ ತಳ್ಳುತ್ತಿತ್ತು. ಮೂರು ವಾರ ಒಂದು ಚೀಟಿಯೂ ಬರಲಿಲ್ಲ. ಅಧಿಕಾರಿ ಫೋನು ಮಾಡಿ ಹೊಗಳಿದರು. ರಜೆಯ ದಿನ ಯಜಮಾನರ ಜೊತೆ ಲೇತಕ್ಕ ತಮ್ಮ ಯಂತ್ರವನ್ನು ನೋಡಲು ಸಾಲಿನಲ್ಲಿ ನಿಂತರು. ಮುಂದೆ ಒಬ್ಬ ಹೆಂಗಸು, ಜೊತೆಗೆ ವಯಸ್ಸಾದ ಅವಳ ತಂದೆ. ಹಿಡಿಕೆಯನ್ನು ಹನ್ನೆರಡಕ್ಕೆಳೆದಳು, ಗುಂಡು ಹೋಯಿತು. ಸೊನ್ನೆಗೆ ತಂದಳು, ಗುಂಡು ಬಂತು. ಅವಳು ತಂದೆಯ ಕೈ ಹಿಡಿದು, ಮನಸ್ಸಿನ ಭಾರ ಇಳಿದವಳಂತೆ ಹೇಳಿದಳು: "ನೋಡಿ ಅಪ್ಪಾ, ಸುಮ್ನೆ ಹೆದರ್ತಿದ್ರಿ. ಬಿಸಿ ಇಳಿಸಿದ್ರೆ ಎಲ್ಲಾ ಮೊದಲಿನ ಹಾಗೇ ಆಗುತ್ತೆ." ಹಿಂದೆ ನಿಂತ ಲೇತಕ್ಕನಿಗೆ ನೆಲ ಬಿರಿಯಬಾರದೇ ಎನಿಸಿತು. "ಅವಳೇನೂ ತಪ್ಪು ಹೇಳ್ಲಿಲ್ಲ," ಎನ್ನುತ್ತಾರೆ ಅವರು, ಮೊಂಡು ಬೆರಳಿನಿಂದ ಬೆಂಚನ್ನು ಉಜ್ಜುತ್ತ. "ಕಣ್ಣಿಗೆ ಕಂಡಿದ್ದು ಹೇಳಿದ್ಲು. ಸುಳ್ಳು ಹೇಳಿದ್ದು ನನ್ನ ಕೈ. ಮೂವತ್ತೆಂಟು ವರ್ಷದಲ್ಲಿ ಈ ಕೈ ಹೇಳಿದ ಒಂದೇ ಸುಳ್ಳು." ಅಂದು ಸಂಜೆಯೇ, ಯಾರನ್ನೂ ಕೇಳದೆ, ತಂತಿಯನ್ನು ಕಿತ್ತು ಎಸೆದರು. ಎಂಟನೆಯ ಚೀಟಿ ಮರುದಿನ ಮಧ್ಯಾಹ್ನವೇ ಬಂತು.

ಈಗ ಗಂಟೆ ಆರೂ ಒಂಬತ್ತು. ಲೇತಕ್ಕ ಹಿಡಿಕೆಯನ್ನು ಎಂಟೂಮುಕ್ಕಾಲಿಗೆ ತಂದು ಕೈ ಬಿಡುತ್ತಾರೆ. ದೂರದಲ್ಲಿ ಎಂಜಿನ್ನಿನ ಗುರುಗುಟ್ಟುವಿಕೆ. ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗುತ್ತದೆ. ಗುಂಡು ಕದಲುತ್ತದೆ, ಇಲ್ಲವೇನೋ ಎಂಬಂತೆ ಏರುತ್ತದೆ, ದಿಬ್ಬದ ನೆತ್ತಿಯಲ್ಲಿ ಒಂದು ಕ್ಷಣ ತಡೆದು, ಆಚೆಗೆ ಇಳಿದುಹೋಗುತ್ತದೆ. "ಬಂದ್ರು ನಮ್ಮ ಮನೆಯೋರು," ಎಂದು ಲೇತಕ್ಕ ನೋಟುಬುಕ್ಕು ಮುಚ್ಚಿ, ಹಿಡಿಕೆಯನ್ನು ಸೊನ್ನೆಗೆ ತಂದು, ಕೊಕ್ಕೆಯಿಂದ ಗುಂಡನ್ನು ಮತ್ತೆ ಎಡಗುಳಿಗೆ ಎತ್ತಿಡುತ್ತಾರೆ.

ಹತ್ತು ಗಂಟೆಗೆ ಸರಿಯಾಗಿ ಅಧಿಕಾರಿ ಬರುತ್ತಾರೆ. ಕೆಟ್ಟ ಮನುಷ್ಯರಲ್ಲ, ದಿನಕ್ಕೆ ಆರುನೂರು ಜನರ ದೂರು ಕೇಳಿ ಸುಸ್ತಾದ ಮನುಷ್ಯ. ವಾಪಸ್ ಬರುವ ಏರ್ಪಾಡು ಆಗಿದೆಯೇ ಎಂದು ಕೇಳುತ್ತಾರೆ. ನೀವೇ ಆಡಿಸಿ ನೋಡಿ ಎನ್ನುತ್ತಾರೆ ಲೇತಕ್ಕ. ಅಧಿಕಾರಿ ಹಿಡಿಕೆಯನ್ನು ಎಳೆಯುತ್ತಾರೆ, ಗುಂಡು ಬೀಳುತ್ತದೆ. ಒಂಬತ್ತಕ್ಕೆ ತರುತ್ತಾರೆ, ಐದಕ್ಕೆ ತರುತ್ತಾರೆ, ಸೊನ್ನೆಗೆ ತರುತ್ತಾರೆ. ಗುಂಡು ಬಲಗುಳಿಯಲ್ಲಿ ಕಲ್ಲಿನಂತೆ ಕೂತಿದೆ. ಹಿಡಿಕೆಯನ್ನು ಇನ್ನೂ ಹಿಂದಕ್ಕೆ ಒತ್ತಿ ನೋಡುತ್ತಾರೆ, ಅದು ತಡೆಗೆ ತಾಗಿ ನಿಲ್ಲುತ್ತದೆ. ಒಮ್ಮೆ ಗಾಜನ್ನೂ ತಟ್ಟುತ್ತಾರೆ. ಕೊನೆಗೆ ಹಿಡಿಕೆ ಹಿಡಿದೇ ತಿರುಗಿ, ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಾದ ದನಿಯಲ್ಲಿ ಕೇಳುತ್ತಾರೆ:

"ಈಗೇನು ಮಾಡ್ಬೇಕು ಲೇತಕ್ಕ?"

"ಇದೇ ಮಾತು ಕೇಳ್ಲಿ ಅಂತ್ಲೇ ಸರ್ ಇದನ್ನ ಮಾಡಿದ್ದು," ಎನ್ನುತ್ತಾರೆ ಲೇತಕ್ಕ. "ನಲವತ್ತೆರಡು ಚೀಟಿ ಬಂದ್ವು. ಒಬ್ರೂ ಇದನ್ನ ಕೇಳ್ಲಿಲ್ಲ."

ಅಧಿಕಾರಿ ಹಿಡಿಕೆಯಿಂದ ಕೈ ತೆಗೆಯುತ್ತಾರೆ. ಆಮೇಲೆ ನಿಟ್ಟುಸಿರು ಬಿಟ್ಟು, ಮೂರು ತಿಂಗಳು ಇಟ್ಟು ನೋಡೋಣ, ಆದರೆ ಕೆಟ್ಟಿದೆ ಎಂದು ಯಾರೂ ಬರೆಯದಂತೆ ಒಂದು ಫಲಕ ಬೇಕು ಎನ್ನುತ್ತಾರೆ. ಒಂಬತ್ತರ ಗೀಟಿಗೆ ಕೆಂಪು ಬಣ್ಣವನ್ನಾದರೂ ಬಳಿಯಬಾರದೇ ಎಂಬ ಅವರ ಇನ್ನೊಂದು ಬೇಡಿಕೆಗೆ ಲೇತಕ್ಕ ಕೈ ಮುಗಿದುಬಿಡುತ್ತಾರೆ. ಕೆಂಪು ಬಳಿದರೆ ಜನ ಎಂಟೂಮುಕ್ಕಾಲಿನವರೆಗೆ ಧೈರ್ಯವಾಗಿ ಬಂದು ನಿಲ್ಲುತ್ತಾರೆ, ಅಲ್ಲಿ ಬಸ್ಸು ಕಾದಿರುತ್ತದೆ ಎಂಬುದು ಅವರ ವಾದ. ಮಧ್ಯಾಹ್ನದೊಳಗೆ ಹಿತ್ತಾಳೆ ತಗಡಿನ ಮೇಲೆ ಅವರೇ ಅಕ್ಷರ ಕೊರೆಯುತ್ತಾರೆ: 'ಇದು ಕೆಟ್ಟಿಲ್ಲ. ಇದು ಇರುವುದೇ ಹೀಗೆ.' ಯಂತ್ರ ಮೇಲೆ ಹೋಗುತ್ತದೆ. ಈ ಸಲ ಹಮಾಲರ ಹಿಂದೆ ಓಣಿಯುದ್ದಕ್ಕೂ ಲೇತಕ್ಕನೇ ನಡೆದುಹೋಗುತ್ತಾರೆ, ಮೆಲ್ಲಗೆ, ಮೆಲ್ಲಗೆ ಎನ್ನುತ್ತ.

ಮೂರು ತಿಂಗಳಾದ ಮೇಲೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ. ಆಸೆಯೇನೆಂದು ಕೇಳಿದರೆ ಲೇತಕ್ಕ ಫಲಕದಲ್ಲಿ ಹೆಸರು ಕೇಳುವುದಿಲ್ಲ. ಯಂತ್ರದ ಹಿಡಿಕೆಯನ್ನೂ ಗುಂಡಿಯನ್ನೂ ತೋರಿಸುತ್ತಾರೆ. ಸಾವಿರಾರು ಕೈ ತಾಗಿ ಹಿಡಿಕೆಯ ಹಿತ್ತಾಳೆ ಕನ್ನಡಿಯಂತೆ ಹೊಳೆಯುತ್ತಿದೆ. ತಟ್ಟುವ ಗುಂಡಿಯ ಮೇಲೆ ಮಾತ್ರ ಲೇತು ಬಿಟ್ಟ ಸಣ್ಣ ಉಂಗುರದ ಗೆರೆಗಳು ಹದಿನಾಲ್ಕು ತಿಂಗಳಾದರೂ ಹಾಗೆಯೇ ಇವೆ, ನೋಡಲು ಬಂದವರಲ್ಲಿ ಒಬ್ಬರೂ ಒತ್ತಿಲ್ಲ. "ಬೀಳೋದನ್ನ ಯಾರು ಬೇಕಾದ್ರೂ ತೋರಿಸ್ತಾರೆ," ಎನ್ನುತ್ತಾರೆ ಅವರು. "ಬೀಳೋಕೆ ಮುಂಚೆ ನಿಧಾನ ಆಗುತ್ತಲ್ಲ, ಅದನ್ನ ತೋರ್ಸೋಕೆ ನಾನು ಹನ್ನೊಂದು ಪಟ್ಟಿ ಹಾಳು ಮಾಡಿದೀನಿ. ಒಬ್ರು, ಒಬ್ಬರಾದ್ರೂ, ಅದನ್ನ ಒತ್ತಿ ಎಣಿಸ್ಲಿ."

ಒಂದು ವಾರದ ನಂತರ ನಲವತ್ತಮೂರನೆಯ ಚೀಟಿ ಬರುತ್ತದೆ. ಲೇತಕ್ಕ ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ಹಲ್ಲು ಕಡಿದು, ದಪ್ಪ ಪೆನ್ಸಿಲನ್ನು ಕಿವಿಯಿಂದ ತೆಗೆದಿದ್ದಾರೆ. ಆಮೇಲೆ ಓದುತ್ತಾರೆ. ಅಕ್ಷರ ಯಾರದೋ ತಿಳಿಯದು, ಸಹಿಯಿಲ್ಲ. 'ಹಿಡಿಕೆ ಎಂಟರಲ್ಲಿದ್ದಾಗ ಗುಂಡಿ ಒತ್ತಿದರೆ ಗುಂಡು ತಳಕ್ಕೆ ಬರಲು ಒಂಬತ್ತು ಸೆಕೆಂಡು ಹಿಡಿಯುತ್ತಿದೆ. ಸೊನ್ನೆಯಲ್ಲಿ ಮೂರೇ ಇತ್ತು. ಎರಡೆರಡು ಸಲ ಎಣಿಸಿದೆ. ಎಣ್ಣೆ ಗಟ್ಟಿಯಾಗಿರಬಹುದೇ? ಭಯವಾಗಿ ಹಿಡಿಕೆಯನ್ನು ಹಿಂದಕ್ಕೆ ತಂದು ಬಿಟ್ಟಿದ್ದೇನೆ. ದಯವಿಟ್ಟು ಪರಿಶೀಲಿಸಿ.'

ಲೇತಕ್ಕ ಚೀಟಿಯನ್ನು ಮತ್ತೊಮ್ಮೆ ಓದುತ್ತಾರೆ. ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಎಣ್ಣೆಯಂತೆ ಎಣ್ಣೆ, ಎಂದು ಗೊಣಗಿ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. ಚೀಟಿಯ ಕೆಳಗೆ ಬಿಡಿಸಿ ಬಿಡಿಸಿ ಬರೆಯುತ್ತಾರೆ: 'ಎಣ್ಣೆ ಸರಿಯಾಗಿದೆ. ನಿಮ್ಮ ಲೆಕ್ಕವೂ ಸರಿಯಾಗಿದೆ.' ನಿಯಮದ ಪ್ರಕಾರ ಅದು ಮೇಲಕ್ಕೆ ಹೋಗಬೇಕು. ಹೋಗುವುದಿಲ್ಲ. ಉತ್ತರವನ್ನು ಇನ್ನೊಂದು ಕಾಗದಕ್ಕೆ ನಕಲು ಮಾಡಿ ಕಳಿಸಿ, ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ನೋಟುಬುಕ್ಕಿನ ನಡುವೆ ಇಟ್ಟುಕೊಳ್ಳುತ್ತಾರೆ, ಸಂಜೆ ಮನೆಯವರಿಗೆ ಓದಿ ಹೇಳಲು.